ಚಾವಣಿಯ ಮೇಲಿನ ಎರಡು ಹೊಲಿಗೆ

ಗುಬ್ಬಿ
9 ಜೂನ್ 2025, ಸೋಮವಾರ

ಪ್ರಮೀಳಾ,

ನಿನ್ನೆಯ ಪತ್ರಿಕೆಯ ವಾಹನ ಪುಟ ಇದರ ಜೊತೆ ಇಟ್ಟಿದ್ದೇನೆ. ಎರಡು ಪ್ರತಿ ತಂದೆ, ಒಂದು ನನಗೆ, ಒಂದು ನಿನಗೆ. ಕಾರಿನ ಚಿತ್ರದ ಮೇಲೆ ಮಡಿಕೆ ಬೀಳದ ಹಾಗೆ ನೋಡಿ ಮಡಚಿದ್ದೇನೆ.

ಸಂಜೆ ಫೋನ್ ಮಾಡಿದಾಗ ಬೇಕೆಂದೇ ಇದರ ಬಗ್ಗೆ ಬಾಯಿ ಬಿಡಲಿಲ್ಲ. ನೀನು ತುಮಕೂರಿನ ಹಾಸ್ಟೆಲ್‌ನಲ್ಲಿ ಇದ್ದಾಗಿನಿಂದ ಸೋದರಮಾವ-ಸೊಸೆ ನಮ್ಮಿಬ್ಬರ ಕರಾರು ಅದೇ ತಾನೆ: ಮನೆ ಸುದ್ದಿ ಫೋನಿಗೆ, ಕಾರಿನ ಸುದ್ದಿ ಕಾಗದಕ್ಕೆ. ನಿನಗೆ ಮದುವೆಯಾಗಿ, ಕುಣಿಗಲ್‌ನ ಐಟಿಐಯಲ್ಲಿ ಡ್ರಾಯಿಂಗ್ ಟೀಚರ್ ಆದರೂ ಕರಾರು ಮುರಿದಿಲ್ಲ. ನಾನೂ ಮುರಿಯುವವನಲ್ಲ.

ಕಾರಿನ ಹೆಸರು ಒರ್ತಾನಾ. ಇಟಲಿಯದು. ಎಂಜಿನ್ ಸೀಟಿನ ಹಿಂದೆ ಇದೆ. ಚಾವಣಿ ಬಟ್ಟೆಯದು; ಗುಂಡಿ ಒತ್ತಿದರೆ ಹದಿನಾಲ್ಕು ಸೆಕೆಂಡಿನಲ್ಲಿ ಮಡಚಿಕೊಂಡು ಹಿಂದೆ ಹೋಗಿ ಕೂರುತ್ತದಂತೆ. ವಿನ್ಯಾಸ ಹೇಗಿದೆ ಎಂದು ಓದುಗರು ಬರೆಯಬೇಕಂತೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ಮೂಗಿನ ಮೇಲೆ ಒಂದು ದೀಪದಿಂದ ಇನ್ನೊಂದು ದೀಪದವರೆಗೆ ಕಪ್ಪು ಪಟ್ಟಿ ಎಳೆದಿದ್ದಾರಲ್ಲ, ಅದು ಬಹಳ ಚೆನ್ನಾಗಿದೆ. ಸೀಟಿನ ಹಿಂದಿನ ಎರಡು ಉಬ್ಬು ಎತ್ತಿನ ಭುಜದಂತೆ ತುಂಬಿಕೊಂಡಿವೆ. ಆದರೆ ಚಾವಣಿ ನೋಡು. ಮೇಲಿನಿಂದ ತೆಗೆದ ಚಿತ್ರದಲ್ಲಿ ಮುಂದಿನ ಗಾಜಿನಿಂದ ಹಿಂದಕ್ಕೆ ಎರಡು ಹೊಲಿಗೆ ಹೋಗಿವೆ. ಎರಡೂ ಸೊಟ್ಟ. ಮೂವತ್ತೆಂಟು ವರ್ಷ ಆಟೊ, ಜೀಪುಗಳಿಗೆ ಹುಡ್ ಹೊಲಿದವನು ಹೇಳುತ್ತಿದ್ದೇನೆ. ಅಂಗಡಿಯಲ್ಲಿ ನೋಡುವ ಹಾಗೆಯೇ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರಿ ಹಿಡಿದು ನೋಡಿದೆ. ಸೊಟ್ಟ ಒಂದೇ ಕಡೆ ಇದ್ದರೆ ಅಚ್ಚಿನ ತಪ್ಪು ಅನ್ನಬಹುದಿತ್ತು. ನಾನು ಎಲ್ಲಿ ನೋಡಿದರೆ ಅಲ್ಲಿ ಸೊಟ್ಟ.

ನಿಮ್ಮತ್ತೆಗೆ ತೋರಿಸಿದೆ. “ಇಟಲಿಯೋರು ಹೊಲ್ದಿದ್ದು ಸೊಟ್ಟ, ಗುಬ್ಬಿಯೋರು ಹೊಲ್ದಿದ್ದು ನೆಟ್ಟಗೆ. ಆಯ್ತು, ಮುದ್ದೆ ಆರ್ತೈತೆ ಬನ್ನಿ” ಅಂದಳು. ಸಿದ್ದಗಂಗಮ್ಮನ ಹತ್ತಿರ ವಿನ್ಯಾಸದ ಮಾತು ಅಷ್ಟೇ.

ಪತ್ರಿಕೆಗೆ ಬರೆಯುತ್ತಿದ್ದೇನೆ.

ನಿನ್ನ ಮಾವ,
ರಾಮಾಂಜಿನಯ್ಯ

*

ಕುಣಿಗಲ್
14 ಜೂನ್ 2025

ಮಾವ,

ಚಿತ್ರವನ್ನು ಡ್ರಾಯಿಂಗ್ ಹಾಲ್‌ನ ಗೋಡೆಗೆ ಅಂಟಿಸಿದ್ದೇನೆ. ಕ್ಲಾಸಿನವರು ಪಾಠ ಬಿಟ್ಟು ಅದನ್ನೇ ನೋಡುತ್ತಿದ್ದಾರೆ. ಒಬ್ಬಳು “ಮೇಡಂ, ಮುಂದಿಂದ ನೋಡಿದ್ರೆ ಕಪ್ಪೆಗೆ ಕೋಪ ಬಂದಂಗೈತೆ” ಅಂದಳು. ಇನ್ನೊಬ್ಬ “ಇದ್ರಲ್ಲಿ ಕಾಯಿ ಮೂಟೆ ಎಲ್ ಇಡೋದು ಮೇಡಂ?” ಅಂದ. ಅವರಪ್ಪನಿಗೆ ತೆಂಗಿನ ತೋಟ ಇದೆ, ಪ್ರಶ್ನೆ ನ್ಯಾಯವಾದದ್ದೇ.

ಕಪ್ಪು ಪಟ್ಟಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅಷ್ಟು ಚೆಂದದ ಮುಖಕ್ಕೆ ಬಟ್ಟೆ ಕಟ್ಟಿ ಕಣ್ಣಾಮುಚ್ಚಾಲೆ ಆಡಲು ಬಿಟ್ಟ ಹಾಗಿದೆ. ನನ್ನ ಮಟ್ಟಿಗೆ ಆ ಕಾರಿನಲ್ಲಿ ತಪ್ಪೇ ಇಲ್ಲದ ಭಾಗ ಎಂದರೆ ಚಾವಣಿ. ಮುಚ್ಚಿದಾಗ ಬಟ್ಟೆ ಎಂದೇ ಗೊತ್ತಾಗುವುದಿಲ್ಲ, ಅಷ್ಟು ಬಿಗಿಯಾಗಿ ಕೂತಿದೆ. ಹೊಲಿಗೆ ಎರಡೂ ನೇರವಾಗಿವೆ ಮಾವ. ಸೆಟ್‌ಸ್ಕ್ವೇರ್ ಇಟ್ಟು ನೋಡಿದೆ.

ನನ್ನ ಮಾತು ಬೇಡ. ಪತ್ರಿಕೆಗೆ ಹಾಕುವ ಮುಂಚೆ ನೀವೇ ಸ್ಕೇಲ್ ಇಟ್ಟು ನೋಡಿ.

ಪ್ರಸನ್ನ ನಿಮ್ಮನ್ನು ಕೇಳಿದ್ದಾಗಿ ಹೇಳಲು ಹೇಳಿದರು. ಅದು ಫೋನಿಗೆ ಸೇರಿದ್ದು, ಆದರೂ ಬರೆದೆ.

ಪ್ರಮೀಳಾ

*

ಗುಬ್ಬಿ
24 ಜೂನ್ 2025

ಪ್ರಮೀಳಾ,

ಭಾನುವಾರದ ಪುಟ ನೋಡಿದೆಯಾ? ಮೊದಲನೆಯ ಪತ್ರವೇ ನನ್ನದು! ‘ಹೊಲಿಗೆ ಕಲಿಯಲಿ ಇಟಲಿ’ ಎಂದು ದಪ್ಪ ಅಕ್ಷರದ ತಲೆಬರಹ. ನಾನು ಕೊಟ್ಟಿದ್ದಲ್ಲ, ಅವರೇ ಇಟ್ಟಿದ್ದು. ಬಸ್‌ಸ್ಟ್ಯಾಂಡ್ ಹೋಟೆಲಿನವರು ಆ ಪುಟವನ್ನು ಗಲ್ಲಾದ ಗಾಜಿನ ಕೆಳಗೆ ಇಟ್ಟಿದ್ದಾರೆ.

ನೀನು ಹೇಳಿದೆಯಲ್ಲ ಅಂತ ಸ್ಕೇಲ್ ಇಟ್ಟೂ ನೋಡಿದೆ. ಏನಾಯಿತು ಗೊತ್ತಾ? ಆ ಸ್ಟೀಲ್ ಸ್ಕೇಲೇ ನಡುವೆ ಬಾಗಿದೆ. ಎಷ್ಟು ವರ್ಷದಿಂದ ಅದರಲ್ಲೇ ಅಳೆಯುತ್ತಿದ್ದೆನೋ! ನಿಮ್ಮತ್ತೆಗೆ ಕೊಟ್ಟುಬಿಟ್ಟೆ, ರೊಟ್ಟಿ ಹೆಂಚು ಕೆರೆಯಲು ಆಗುತ್ತದೆ. ಹೊಸದು ತಂದರೆ ಅದೂ ಹಾಗೇ ಇದೆ. ಈಗಿನ ಸಾಮಾನುಗಳೇ ಹೀಗೆ.

ಕಪ್ಪು ಪಟ್ಟಿಯ ವಿಷಯದಲ್ಲಿ ನಿನ್ನ ಮಾತು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ಮುಖ ಬೋಳಾಗಿ ಕಾಣುತ್ತಿತ್ತು.

ರಾಮಾಂಜಿನಯ್ಯ

*

ಗುಬ್ಬಿ
1 ಜುಲೈ 2025

ಪ್ರಮೀಳಾ,

ನಿನ್ನ ಉತ್ತರ ಬರುವ ಮುಂಚೆಯೇ ಬರೆಯುತ್ತಿದ್ದೇನೆ. ಬೇಸರವಾಗಿದೆ.

ಈ ಭಾನುವಾರ ನನ್ನ ಪತ್ರಕ್ಕೆ ಮೂವರು ಉತ್ತರ ಬರೆದಿದ್ದಾರೆ. ತಿಪಟೂರಿನವನೊಬ್ಬ ‘ಗುಬ್ಬಿಯ ಟೈಲರ್ ಮೊದಲು ಕನ್ನಡಕ ಒರೆಸಿಕೊಳ್ಳಲಿ’ ಎಂದಿದ್ದಾನೆ. ತುಮಕೂರಿನವನು ನನ್ನ ಪತ್ರವನ್ನು ತಮಾಷೆ ಅಂದುಕೊಂಡು ಹೊಗಳಿದ್ದಾನೆ, ಅದು ಇನ್ನೂ ಕೆಟ್ಟದ್ದು. ಅವರನ್ನು ಬಿಡು, ಯಾರೋ ಏನೋ. ಮೂರನೆಯ ಪತ್ರ ನೋಡು. ‘ಎರಡು ಹೊಲಿಗೆಗಳ ನಡುವಿನ ಅಂತರವನ್ನು ಐದು ಕಡೆ ಅಳೆದಿದ್ದೇನೆ, ಐದೂ ಕಡೆ ಸಮನಾಗಿದೆ. ಅನುಭವಿಗಳ ಮಾತಿಗೆ ಗೌರವವಿದೆ, ಆದರೆ ಅಳತೆಗೆ ಹೆಚ್ಚು ಗೌರವ. — ಪ್ರ., ಕುಣಿಗಲ್.’

ನಿನ್ನ ಯಜಮಾನ ಪ್ರಸನ್ನನಿಗೆ ನನ್ನ ಮೇಲೆ ಏನು ಸಿಟ್ಟು? ಫೋನಿನಲ್ಲಿ ‘ಊಟ ಆಯ್ತಾ ಮಾವ’ ಎಂದು ನಯವಾಗಿ ಕೇಳುವವನು ಪತ್ರಿಕೆಯಲ್ಲಿ ಹೀಗೆ ಬರೆಯಬೇಕಾ? ನೀನು ಏನೂ ಕೇಳಬೇಡ ಅವನನ್ನು. ನಾನೂ ಕೇಳುವುದಿಲ್ಲ.

ಇದರ ಮೇಲೆ ಇವತ್ತು ಚಿಕ್ಕರಂಗಯ್ಯ ಬೇರೆ. ಹೋದ ವಾರ ಅವನ ಆಟೊಗೆ ಹೊಸ ಹುಡ್ ಹೊಲಿದು ಕೊಟ್ಟಿದ್ದೆ. ವಾಪಸ್ ತಂದು ಅಂಗಡಿ ಮುಂದೆ ನಿಲ್ಲಿಸಿದ.

“ಏನ್ ರಾಮಣ್ಣ, ಹೊಲಿಗೆ ಹಾವು ಹರ್ದಂಗೆ ಹೋಗೈತೆ?”

“ಎಲ್ಲೋ ಐತೆ ಹಾವು? ನಿನ್ ಆಟೋದ್ ಕಂಬಿನೇ ಬಗ್ಗೈತೆ ಕಣಲಾ. ಯಾವ್ದಕ್ ಗುದ್ದಿದ್ದೆ ಹೇಳು.”

“ನಾನ್ ಯಾಕ್ ಗುದ್ಲಿ? ಸ್ಟ್ಯಾಂಡಲ್ಲಿ ಎಲ್ರೂ ನೋಡಿ ನಗ್ತಾವ್ರೆ. ಬಿಚ್ ಹೊಲ್ಕೊಡಣ್ಣ.”

ಬಿಚ್ಚಿ ಹೊಲಿದುಕೊಟ್ಟೆ. ಎರಡನೆಯ ಸಲವೂ ಅವನ ಮುಖ ಅರಳಲಿಲ್ಲ. ಏನೂ ಹೇಳದೆ ಹೋದ. ಚಿಕ್ಕರಂಗಯ್ಯ ಏನೂ ಹೇಳದೆ ಹೋಗುವ ಮನುಷ್ಯನಲ್ಲ.

ರಾಮಾಂಜಿನಯ್ಯ

*

ಕುಣಿಗಲ್
5 ಜುಲೈ 2025

ಮಾವ,

ನಿಮ್ಮ ಎರಡು ಕಾಗದವೂ ಮೇಜಿನ ಮೇಲೆ ಇವೆ. ಪತ್ರಿಕೆಯ ವಿಷಯ ಆಮೇಲೆ ಮಾತಾಡೋಣ. ಪ್ರಸನ್ನರ ಮೇಲೆ ಸಿಟ್ಟು ಬೇಡ.

ಹೊಲಿಗೆಯ ವಾದ ಒಂದೇ ಸಲಕ್ಕೆ ಮುಗಿಸೋಣ. ಜೊತೆಯಲ್ಲಿ ಎರಡು ಗ್ರಾಫ್ ಹಾಳೆ ಇಟ್ಟಿದ್ದೇನೆ, ನಮ್ಮ ಐಟಿಐಯದು. ಎರಡರ ನಡುವೆಯೂ ಒಂದು ಚುಕ್ಕೆ ಹಾಕಿದ್ದೇನೆ. ಒಂದರ ಮೇಲೆ ‘ಎಡ’, ಇನ್ನೊಂದರ ಮೇಲೆ ‘ಬಲ’ ಎಂದು ಬರೆದಿದೆ. ಓದುವ ಕನ್ನಡಕ ಹಾಕಿಕೊಂಡು, ಬೆಳಕಿನಲ್ಲಿ ಕೂತು, ಎಡ ಎಂಬ ಹಾಳೆಯನ್ನು ಎಡಗಣ್ಣಿನಿಂದ ಮಾತ್ರ ನೋಡಿ. ಬಲದ್ದನ್ನು ಬಲಗಣ್ಣಿನಿಂದ ಮಾತ್ರ. ನೋಟ ಚುಕ್ಕೆಯ ಮೇಲೇ ಇರಲಿ. ಗೆರೆ ಎಲ್ಲಾದರೂ ಬಾಗಿದಂತೆ ಅಥವಾ ಮಸುಕಾದಂತೆ ಕಂಡರೆ ಅಲ್ಲಿ ಪೆನ್ಸಿಲ್‌ನಿಂದ ಸುತ್ತು ಹಾಕಿ.

ಇದು ನಾವು ಡ್ರಾಯಿಂಗ್‌ನವರು ಗೆರೆ ತೀರ್ಮಾನ ಮಾಡುವ ರೀತಿ ಅಂದುಕೊಳ್ಳಿ. ಈ ಕಾಗದ ಸಿಕ್ಕಿದ ದಿನವೇ ಮಾಡಿ, ಅವತ್ತೇ ಅಂಚೆಗೆ ಹಾಕಿ. ನಾನು ಸೋತರೆ ಕಪ್ಪು ಪಟ್ಟಿ ಚೆನ್ನಾಗಿದೆ ಎಂದು ಪತ್ರಿಕೆಗೆ ಬರೆಯುತ್ತೇನೆ.

ಪ್ರಮೀಳಾ

*

ಗುಬ್ಬಿ
9 ಜುಲೈ 2025

ಪ್ರಮೀಳಾ,

ಗೆದ್ದೆ. ಪತ್ರ ಬರೆಯಲು ಶುರು ಮಾಡು.

ಎಡದ ಹಾಳೆಯಲ್ಲಿ ಗೆರೆಗಳೆಲ್ಲ ಸರಿ ಇವೆ, ಅದರಲ್ಲಿ ಸುತ್ತು ಹಾಕುವಂಥದ್ದು ಏನೂ ಇಲ್ಲ. ಬಲದ ಹಾಳೆ ನೋಡು. ಚುಕ್ಕೆಯ ಸುತ್ತ ಗೆರೆಗಳು ಮುದುಡಿ, ನೀರಿನಲ್ಲಿ ನೆನೆದು ಒಣಗಿದ ರೆಕ್ಸಿನ್ ಹಾಗಿವೆ. ಚುಕ್ಕೆಯೇ ಸರಿಯಾಗಿ ಕಾಣುವುದಿಲ್ಲ, ಶಾಯಿ ಹರಡಿದೆ. ಸುತ್ತು ಹಾಕಿ ಕಳಿಸಿದ್ದೇನೆ. ಒಂದೇ ಕಟ್ಟಿನ ಎರಡು ಹಾಳೆ, ಒಂದು ನೆಟ್ಟಗೆ, ಒಂದು ಸೊಟ್ಟ! ನಿಮ್ಮ ಐಟಿಐಗೆ ಹಾಳೆ ಸರಬರಾಜು ಮಾಡುವವರನ್ನು ಬದಲಾಯಿಸಲು ಹೇಳು. ಮಕ್ಕಳು ಇದರ ಮೇಲೆ ಏನು ಕಲಿಯುತ್ತಾರೆ?

ರಾಮಾಂಜಿನಯ್ಯ

*

ಕುಣಿಗಲ್
16 ಆಗಸ್ಟ್ 2025

ಮಾವ,

ನೀವು ಕಾಗದ ಬರೆದು ಐದು ವಾರವಾಯಿತು. ಫೋನಿನಲ್ಲಿ ‘ಚೆನ್ನಾಗಿದೀನಿ’ ಎಂದು ಹೇಳಿ ಅತ್ತೆಯ ಕೈಗೆ ಕೊಡುತ್ತೀರಿ. ಅಂಗಡಿಯ ಷಟರ್ ಎತ್ತಿಲ್ಲ, ಜಗಲಿಯ ಮೇಲೆ ಕೂತು ಹೋಗಿಬರುವ ಆಟೊಗಳನ್ನು ಎಣಿಸುತ್ತೀರಿ ಎಂದು ಅತ್ತೆ ಹೇಳಿದರು. ಅದಕ್ಕೇ ಈ ಕಾಗದದಲ್ಲಿ ಕರಾರು ಮುರಿಯುತ್ತಿದ್ದೇನೆ. ಇದರಲ್ಲಿ ಕಾರಿನ ಸುದ್ದಿ ಇಲ್ಲ.

ಆ ಗ್ರಾಫ್ ಹಾಳೆ ಗೆರೆಯ ಪರೀಕ್ಷೆಯಲ್ಲ ಎಂದು ನಿಮಗೆ ಆಗಲೇ ಗೊತ್ತಾಗಿದೆ. ನಮ್ಮ ಅತ್ತೆಗೆ, ಅಂದರೆ ಪ್ರಸನ್ನರ ತಾಯಿಗೆ, ಹೋದ ವರ್ಷ ಕಣ್ಣಿನ ಡಾಕ್ಟರು ಅಂಥದ್ದೇ ಚೌಕುಳಿ ಹಾಳೆ ಕೊಟ್ಟು, ಗೆರೆ ಬಾಗಿ ಕಂಡರೆ ಕಣ್ಣಿನೊಳಗೆ ತೊಂದರೆ ಎಂದಿದ್ದರು. ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನೋಡಿದಲ್ಲೆಲ್ಲ ಸೊಟ್ಟ ಎಂದು ನೀವು ಬರೆದಾಗ ನನಗೆ ಹೊಳೆಯಲಿಲ್ಲ. ಎರಡನೆಯ ಸ್ಕೇಲೂ ಬಾಗಿದೆ ಎಂದು ಬರೆದಾಗ ನಕ್ಕೆ. ಚಿಕ್ಕರಂಗಯ್ಯ ಏನೂ ಹೇಳದೆ ಹೋದ ಎಂದು ಓದಿದ ಮೇಲೆ ನಿಮ್ಮ ಹಳೆಯ ಕಾಗದಗಳನ್ನು ತೆಗೆದು ಅದರ ಪಕ್ಕ ಇಟ್ಟು ನೋಡಿದೆ. ಯುಗಾದಿಯ ಹೊತ್ತಿಗೆ ಬರೆದದ್ದರಲ್ಲಿ ಸಾಲುಗಳು ನೇರ ಇವೆ. ಜೂನ್‌ನದರಲ್ಲಿ ನಡುವೆ ಬಂದಾಗ ಕುಸಿದಿವೆ.

ಸುತ್ತು ಹಾಕಿದ ನಿಮ್ಮ ಹಾಳೆ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಪಾಠ ಅರ್ಧಕ್ಕೆ ಬಿಟ್ಟು ಗುಬ್ಬಿಯ ಬಸ್ ಹತ್ತಿದೆ, ನಿಮ್ಮನ್ನು ತುಮಕೂರಿಗೆ ಕರೆದುಕೊಂಡು ಹೋದೆ. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡೆವು: ಬಲಗಣ್ಣಿನ ಒಳಪರದೆಯ ಹಿಂದೆ ಸಣ್ಣ ರಕ್ತನಾಳಗಳು ಸೋರುತ್ತಿವೆ, ತಿಂಗಳಿಗೊಂದು ಇಂಜೆಕ್ಷನ್ ಬೇಕು, ಹೋದ ದೃಷ್ಟಿ ಪೂರ್ತಿ ವಾಪಸ್ ಬರುವುದು ಕಷ್ಟ, ಇರುವುದನ್ನು ಉಳಿಸಬಹುದು. ಎಡಗಣ್ಣು ಸರಿ ಇದೆ ಎಂದೂ ಹೇಳಿದರು. ಆ ಮಾತು ನಿಮಗೆ ಕೇಳಿಸಲಿಲ್ಲ ಅನ್ನಿಸುತ್ತದೆ.

ನಾನು ಮುಚ್ಚಿಟ್ಟ ಇನ್ನೊಂದು ವಿಷಯವಿದೆ. ‘ಪ್ರ., ಕುಣಿಗಲ್’ ನಾನೇ. ಪ್ರಸನ್ನರಿಗೆ ಆ ಪತ್ರದ ವಿಷಯವೇ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಯಾರಾದರೂ ಸೌಮ್ಯವಾಗಿ ತಿದ್ದಿದರೆ ನಿಮ್ಮನ್ನು ಆಡಿಕೊಳ್ಳುವವರ ಬಾಯಿ ಮುಚ್ಚುತ್ತದೆ ಅಂದುಕೊಂಡೆ. ಪೂರ್ತಿ ಹೆಸರು ಹಾಕಲು ಧೈರ್ಯ ಬರಲಿಲ್ಲ. ಕ್ಷಮಿಸಿ.

ಸಿಟ್ಟಿದ್ದರೆ ಬೈದಾದರೂ ಒಂದು ಕಾಗದ ಬರೆಯಿರಿ.

ಪ್ರಮೀಳಾ

*

ಗುಬ್ಬಿ
25 ಆಗಸ್ಟ್ 2025

ಪ್ರಮೀಳಾ,

ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ. ಪ್ರಸನ್ನನಿಗೆ ಮುಖ ತೋರಿಸುವುದು ಹೇಗೆ ಎಂದು ಯೋಚನೆ. ಒಂದೂವರೆ ತಿಂಗಳು ಅವನು ಮಾತಾಡಿಸಿದಾಗೆಲ್ಲ ‘ಹೂಂ’ ಬಿಟ್ಟು ಬೇರೆ ಮಾತಾಡಿಲ್ಲ. ಎರಡನೇ ಇಂಜೆಕ್ಷನ್ ದಿನ ಆಸ್ಪತ್ರೆಯ ಮೆಟ್ಟಿಲು ಇಳಿಸಿದವನೂ ಅವನೇ. ಆಗಲೂ ‘ಹೂಂ’ ಅಂದೆ.

ಸೂಜಿಯ ಭಯವಲ್ಲ. ಸೂಜಿಯಲ್ಲೇ ಅನ್ನ ತಿಂದವನು. ನನಗೆ ಭಯವಾದದ್ದು ಬೇರೆ. ಯಾವ ಕಣ್ಣಿನಿಂದ ಮೂವತ್ತೆಂಟು ವರ್ಷ ಗುರಿ ಹಿಡಿದೆನೋ, ಅದೇ ನನಗೆ ಸುಳ್ಳು ಹೇಳುತ್ತಿತ್ತು. ಎರಡೂ ಕಣ್ಣು ತೆರೆದು ನಡೆದಾಡುವಾಗ ಎಡಗಣ್ಣು ಎಲ್ಲ ಸರಿ ಮಾಡಿಕೊಂಡು ಹೋಗುತ್ತಿತ್ತು. ನಾನು ಅಂಗಡಿಗೆ ಬಂದು ಆ ಒಳ್ಳೆಯ ಕಣ್ಣನ್ನೇ ಮುಚ್ಚುತ್ತಿದ್ದೆ. ಚಿಕ್ಕರಂಗಯ್ಯನ ಆಟೊ ರಸ್ತೆಯಲ್ಲಿ ಹೋದಾಗಲೆಲ್ಲ ಒಳಗೆ ಎದ್ದು ಹೋಗುತ್ತೇನೆ. ಇನ್ನು ಮೇಲೆ ಹೊಲಿದದ್ದು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ನನಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಾಗದವನು ಅಂಗಡಿ ತೆಗೆದು ಏನು ಮಾಡಬೇಕು?

ಇವತ್ತು ಬೆಳಿಗ್ಗೆ ಒರ್ತಾನಾ ಚಿತ್ರ ತೆಗೆದು ಬಲಗಣ್ಣು ಮುಚ್ಚಿ ನೋಡಿದೆ. ಅಂಥ ಹೊಲಿಗೆ ನಾನು ಜನ್ಮದಲ್ಲಿ ಹೊಲಿದಿಲ್ಲ. ಆ ದೂರದ ಹೊಲಿಗೆಯವನನ್ನು ಊರೆಲ್ಲ ಕೇಳುವ ಹಾಗೆ ಬೈದಿದ್ದೇನೆ. ಅದಕ್ಕೆ ಪತ್ರಿಕೆಗೆ ಇದನ್ನು ಕಳಿಸುತ್ತಿದ್ದೇನೆ, ನಿನಗೊಂದು ನಕಲು:

‘ಸಂಪಾದಕರೇ, ಒರ್ತಾನಾ ಕಾರಿನ ಚಾವಣಿಯ ಹೊಲಿಗೆ ಸೊಟ್ಟ ಎಂದು ಜೂನ್‌ನಲ್ಲಿ ಬರೆದಿದ್ದೆ. ಅದು ತಪ್ಪು. ಹೊಲಿಗೆ ನೇರವಾಗಿದೆ. ನನ್ನ ಬಲಗಣ್ಣಿಗೆ ಕಾಯಿಲೆಯಾಗಿತ್ತು, ನನಗೆ ತಿಳಿದಿರಲಿಲ್ಲ. ಐವತ್ತೈದು ದಾಟಿದವರು ಒಂದೊಂದೇ ಕಣ್ಣು ಮುಚ್ಚಿ ಬಾಗಿಲಿನ ಚೌಕಟ್ಟು ನೋಡಿಕೊಳ್ಳಿ. ಬಾಗಿದಂತೆ ಕಂಡರೆ ಬಡಗಿಯನ್ನು ಬೈಯದೆ ಆಸ್ಪತ್ರೆಗೆ ಹೋಗಿ. ಕಾರಿನ ಮೂಗಿನ ಕಪ್ಪು ಪಟ್ಟಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. — ರಾಮಾಂಜಿನಯ್ಯ, ಹುಡ್ ಹೊಲಿಯುವವರು, ಗುಬ್ಬಿ.’

ನಿಮ್ಮತ್ತೆಗೆ ಓದಿ ಹೇಳಿದೆ. “ಹುಡ್ ಹೊಲ್ಯೋನಿಗೆ ಕಣ್ ಕಾಣಲ್ಲ ಅಂತ ನೀವೇ ಡಂಗುರ ಹೊಡಿಸ್ಕೊಂಡ್ರೆ ಯಾರ್ರೀ ಬರ್ತಾರೆ ಅಂಗಡಿಗೆ? ಹೆಸರಾದ್ರೂ ಬುಡ್ರಿ” ಅಂದಳು. ಹೆಸರು ಹಾಕಿಯೇ ಬೈದಿದ್ದೆ, ಹೆಸರು ಹಾಕಿಯೇ ತಿದ್ದಬೇಕು ಅಂದೆ. ಅವಳೂ ಒಂದು ಕಣ್ಣು ಮುಚ್ಚಿ ಚೌಕಟ್ಟು ನೋಡಿದಳು. ಆಮೇಲೆ ಇನ್ನೊಂದು. “ಮನೇಲಿ ಎಲ್ಲಾ ನೆಟ್ಟಗೈತೆ, ನಿಮ್ಮೊಬ್ರನ್ ಬುಟ್ಟು” ಅಂದಳು. ತಿಂಗಳಾದ ಮೇಲೆ ಮನೆಯಲ್ಲಿ ಇಬ್ಬರೂ ನಕ್ಕೆವು.

ರಾಮಾಂಜಿನಯ್ಯ

*

ಕುಣಿಗಲ್
10 ಸೆಪ್ಟೆಂಬರ್ 2025

ಮಾವ,

ಭಾನುವಾರ ಪತ್ರಿಕೆಯಲ್ಲಿ ನಿಮ್ಮ ಪತ್ರ ಬಂತು. ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡು ಬಾಗಿಲು ನೋಡುತ್ತಿದ್ದರು. ಪ್ರಿನ್ಸಿಪಾಲರು ಒಳಗೆ ಬಂದು “ಏನ್ರೀ ಇದು, ನನ್ ನೋಡಿ ಕಣ್ ಹೊಡೀತಿದೀರಾ?” ಅಂದರು.

ನಿಮ್ಮ ‘ಹೂಂ’ ವಿಷಯ ಪ್ರಸನ್ನರಿಗೆ ಹೇಳಿದೆ. “ಮಾವ ನನ್ ಮೇಲೆ ಸಿಟ್ ಮಾಡ್ಕೊಂಡಿದ್ರಾ? ನನಗೆ ಗೊತ್ತೇ ಆಗ್ಲಿಲ್ವಲ್ಲ” ಅಂದರು. ನೀವು ಮಾಡಿದ ಸಿಟ್ಟೆಲ್ಲ ವ್ಯರ್ಥವಾಗಿದೆ.

ಮೂರನೇ ಇಂಜೆಕ್ಷನ್ ಆದ ಮೇಲೆ ಡಾಕ್ಟರು ಸೋರುವುದು ಕಡಿಮೆಯಾಗಿದೆ ಅಂದರಲ್ಲ, ಅಷ್ಟು ಸಾಕು ನನಗೆ. ಅಂಗಡಿಯ ಬಗ್ಗೆ ಏನೂ ಕೇಳುವುದಿಲ್ಲ. ನೀವಾಗಿ ಹೇಳಿದಾಗ ಓದುತ್ತೇನೆ.

ಪ್ರಮೀಳಾ

*

ಗುಬ್ಬಿ
26 ಸೆಪ್ಟೆಂಬರ್ 2025

ಪ್ರಮೀಳಾ,

ನಿಮ್ಮತ್ತೆ ಹೇಳಿದ್ದು ಅರ್ಧ ನಿಜವಾಯಿತು. ಪತ್ರಿಕೆಯಲ್ಲಿ ಪತ್ರ ಬಂದ ಮಾರನೆಯ ದಿನವೇ ಧೈರ್ಯ ಮಾಡಿ ಷಟರ್ ಎತ್ತಿದೆ. ವಾರವೆಲ್ಲ ಒಂದು ಆಟೊನೂ ನಿಲ್ಲಲಿಲ್ಲ. ಬಂದವರು ಬೇರೆ. ಅಂಗಡಿ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ನನ್ನ ಷಟರ್ ಪಟ್ಟಿ ನೋಡುವುದು, “ನೆಟ್ಟಗೈತೆ ಕಣಣ್ಣ” ಎಂದು ಹೇಳಿ ಹೋಗುವುದು. ಚೇಳೂರು ಕಡೆಯ ಒಬ್ಬ ಅಜ್ಜಿಗೆ ಮಾತ್ರ ನೆಟ್ಟಗೆ ಕಾಣಲಿಲ್ಲ. ಮಗ ಆಗಲೇ ತುಮಕೂರಿಗೆ ಕರೆದುಕೊಂಡು ಹೋದ.

ಹೋದ ಶುಕ್ರವಾರ ಕಡಬದ ಪುಟ್ಟರಂಗಯ್ಯ ಜೀಪ್ ತಂದು ನಿಲ್ಲಿಸಿದ. ಹುಡ್ ಪೂರ್ತಿ ಹರಿದಿತ್ತು. ನಾನೇ ಮೊದಲು ಹೇಳಿದೆ, “ಪೇಪರ್ ನೋಡಿಲ್ವೇನಪ್ಪ? ನನ್ ಕಣ್ಣು ಸರಿ ಇಲ್ಲ.”

“ನೋಡೇ ಬಂದಿರೋದು. ಕಣ್ ಸರಿ ಇಲ್ಲ ಅಂತ ಪೇಪರ್‌ನಾಗೆ ಹಾಕ್ಸೋನು ಹೊಲಿಗೆ ಸರಿ ಇಲ್ದಿದ್ರೆ ಮುಚ್ಚಿಡ್ತೀಯಾ? ಹೊಲಿ, ನೋಡಾನ.”

ಅಳತೆ ತೆಗೆದುಕೊಂಡು, ಜೀಪ್ ಕಳಿಸಿ ಶುರು ಮಾಡಿದೆ. ಎಡಗಣ್ಣಿನಿಂದ ಗುರಿ ನೋಡುವುದು ಎಡಗೈಯಲ್ಲಿ ಊಟ ಮಾಡಿದ ಹಾಗೆ. ಕತ್ತು ಯಾವ ಕಡೆ ವಾಲಿಸಬೇಕು ಎನ್ನುವುದೇ ಮರೆತುಹೋಗುತ್ತದೆ. ಎರಡು ದಿನದ ಕೆಲಸಕ್ಕೆ ಐದು ದಿನ ಹಿಡಿಯಿತು. ನಿನ್ನೆ ಮುಗಿಯಿತು. ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹಾಸಿ, ಬಲಗಣ್ಣು ಮುಚ್ಚಿ ನೋಡಿದೆ. ಒಂದು ಹೊಲಿಗೆ ಕೊನೆಯವರೆಗೂ ನೇರ ಹೋಗಿದೆ. ಇನ್ನೊಂದು ಹುಡ್ಡಿನ ಹಿಂಬದಿಯ ಕಿಟಕಿಯ ಹತ್ತಿರ ಸೊಟ್ಟ ಕಂಡಿತು.

ಈ ಕಣ್ಣೂ ಹೋಯಿತು ಅಂದುಕೊಂಡೆ. ಕುರ್ಚಿಯಲ್ಲಿ ಕೂತೆ. ನಿಮ್ಮತ್ತೆಯನ್ನು ಕೂಗಲೂ ಮನಸ್ಸು ಬರಲಿಲ್ಲ. ಆಮೇಲೆ ಎದ್ದು, ನೋಟವನ್ನು ಆ ಕಡೆ ಈ ಕಡೆ ಸರಿಸಿದೆ. ಬಲಗಣ್ಣಿನಲ್ಲಿ ಆದ ಹಾಗೆ ಸೊಟ್ಟ ನನ್ನ ನೋಟದ ಹಿಂದೆ ಓಡಿ ಬರಲಿಲ್ಲ, ಅಲ್ಲೇ ಇತ್ತು. ಹೊಲಿಗೆಯ ಎರಡು ತುದಿಗೆ ಮೊಳೆ ಚುಚ್ಚಿ ದಾರ ಕಟ್ಟಿ ಬಿಗಿ ಎಳೆದೆ. ದಾರ ನೇರ ನಿಂತಿತು. ಹೊಲಿಗೆ ಕಿಟಕಿಯ ಹತ್ತಿರ ಒಂದು ನೂಲಿನಷ್ಟು ಹೊರಗೆ ಹೋಗಿದೆ. ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿದೆ. ಬೆರಳಿಗೂ ಸಿಕ್ಕಿತು. ಸೊಟ್ಟ ಬಟ್ಟೆಯಲ್ಲಿತ್ತು ಪ್ರಮೀ, ನನ್ನ ಕಣ್ಣಿನಲ್ಲಿರಲಿಲ್ಲ. ತಪ್ಪು ಹೊಲಿದಿದ್ದೆ, ತಪ್ಪು ಎಂದು ನನಗೇ ಕಾಣಿಸಿತು.

ಸಂಜೆ ಪುಟ್ಟರಂಗಯ್ಯ ಬಂದ. ಒಂದು ದಿನ ತಡವಾಗುತ್ತದೆ, ಬಿಚ್ಚಬೇಕು ಅಂದೆ. ಅವನು ಬಗ್ಗಿ ನೋಡಿದ. “ನಂಗೇನೂ ಕಾಣಲ್ವಲ್ಲ ಸೊಟ್ಟ?” ಅಂದ. “ನಿಂಗ್ ಕಾಣಲ್ಲ, ನಂಗ್ ಕಾಣ್ತೈತೆ” ಅಂದೆ.

ಇವತ್ತು ಬೆಳಿಗ್ಗೆ ಬಿಚ್ಚಿದೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಹೊಲಿಗೆ ಬಿಚ್ಚಿಲ್ಲ.

ನಿನ್ನ ಮಾವ,
ರಾಮಾಂಜಿನಯ್ಯ